ಮಾವನ ಬಿ ವಿಟಮಿನ್ನೂ ಅತ್ತೆಯ ಮೊಸರೂ

ದೇವರನ್ನು ನಂಬದವರನ್ನು ನನ್ನ ಸೋದರಮಾವ ಕ್ಷಮಿಸಿಯಾರು, ಬಿ ವಿಟಮಿನ್ ನಂಬದವರನ್ನು ಮಾತ್ರ ಕ್ಷಮಿಸಲಾರರು!

ಎಪ್ಪತ್ತರ ದಶಕದ ಕೊನೆಗೆ ಠಾಣೆ ಪಟ್ಟಣದ ಕಾರ್ಖಾನೆಯೊಂದರಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿ, ಉಡುಪಿ ಕಡೆಯಿಂದ ಬಸ್ಸು ಹತ್ತಿ, ಡೊಂಬಿವಲಿಯ ಸಾಲುಖೋಲಿಗಳ ಚಾಳಿನಲ್ಲಿದ್ದ ಮಾವನ ಮನೆಗೆ ಬಂದಿಳಿದೆ. ಅಕ್ಕ ಹೇಗಿದ್ದಾಳೆ ಎಂದು ಕೇಳುವುದು ಬಿಟ್ಟು ಮಾವ ಕೇಳಿದ್ದೇನು ಗೊತ್ತೇ?

"ನಾಲಿಗೆ ಚಾಚು!"

ಚಾಚಿದೆ.

"ಬಾಯಿಯ ಮೂಲೆ ಒಡೆದಿದೆ. ಬಿ ಟು ಇಲ್ಲ. ನಿನ್ನಮ್ಮ ಬಿಳೀ ಬೆಳ್ತಿಗೆ ಅನ್ನ ಹಾಕಿಯೇ ಸಾಕಿದಳೋ?"

"ಬಸ್ಸಿನ ಗಾಳಿಗೆ ಒಡೆದದ್ದು ಮಾವ" ಅಂದರೆ ಯಾರು ಕೇಳುತ್ತಾರೆ? ಅಂದಿನಿಂದ ಕುಚ್ಚಲಕ್ಕಿ ಗಂಜಿಯೇ ಗತಿ. "ಅನ್ನ ಅಂದರೆ ಸೌದೆ ಮಾಣಿ, ಬಿ ಅಂದರೆ ಬೆಂಕಿಕಡ್ಡಿ. ಕಡ್ಡಿ ಗೀರದೆ ಒಲೆ ಉರಿಯುತ್ತದಾ? ಭತ್ತ ಬೇಯಿಸಿದರೆ ತೌಡಿನ ಬಿ ಅಕ್ಕಿಯೊಳಗೆ ಹೋಗುತ್ತದೆ. ನಿಮ್ಮ ಬಿಳಿ ಅಕ್ಕಿಯಲ್ಲಿ ಎಂಥ ಉಂಟು? ಮಣ್ಣು!"

ಬಿ ಕಾಂಪ್ಲೆಕ್ಸ್ ಮಾತ್ರೆಗಳ ವಾಸ ದೇವರ ಗೂಡಿನಲ್ಲಿ. ಬೆಳಿಗ್ಗೆ ತೀರ್ಥದ ಜೊತೆಗೇ ಒಂದೊಂದು. ಅಷ್ಟಕ್ಕೆ ಮುಗಿಯಿತೇ? ಚಾಳಿನವರಿಗೂ ಹಂಚುತ್ತಿದ್ದರು. ಮರುದಿನ ಸಂಡಾಸಿನ ಕ್ಯೂನಲ್ಲಿ ನಿಂತು, ಡಬ್ಬ ಹಿಡಿದು ಹೊರಬಂದವರನ್ನೆಲ್ಲ ತಡೆದು ವಿಚಾರಣೆ: "ಹಳದಿ ಬಂತಾ?" ಮೂತ್ರ ಹಳದಿಯಾದರೆ ಮಾತ್ರೆ ಅಸಲಿ!

ಪಕ್ಕದ ಖೋಲಿಯಲ್ಲಿದ್ದ ಕಲಬುರಗಿಯ ಹಮಾಲ ಒಂದು ದಿನ ಕೈಮುಗಿದ. "ಸಾಹೇಬ್ರ, ಒಳಗ ಹೋಗಾಕ ನಂಬರ ಬಂದ್ರ ಸಾಕಾಗೇದ. ಬಣ್ಣ ಯಾರ ನೋಡ್ತಾರ್ರೀ?"

"ಹಳದಿಯಾಗಿ ಹೊರಗೇ ಹೋಗುವುದಾದರೆ ತಿಂದು ಏನು ಲಾಭ ಮಾವ?" ಎಂದೆ.

"ಬಿ ಅಂದರೆ ಲೋಕಲ್ ರೈಲಿನ ಸೀಟು ಮಾರಾಯ! ಇವತ್ತು ಸಿಕ್ಕಿದ್ದನ್ನು ನಾಳೆಗೆ ಇಟ್ಟುಕೊಳ್ಳಲಿಕ್ಕಾಗುತ್ತದಾ? ದಿನಾ ಹೊಸದಾಗಿ ಹಿಡಿಯಬೇಕು."

ಒಮ್ಮೆ ಕಲ್ಯಾಣದಲ್ಲಿ ಊರವರ ಮದುವೆ. ಅಡುಗೆಯವರು ಅನ್ನ ಬಸಿದು ಗಂಜಿ ತೆಳಿಯನ್ನು ಮೋರಿಗೆ ಸುರಿಯುವುದನ್ನು ಮಾವ ಕಂಡುಬಿಟ್ಟರು. ಅಯ್ಯೋ! ಬಾಲ್ದಿಗೆ ತುಂಬಿಸಿ, ಉಪ್ಪು ಹಾಕಿ, ಪಾಯಸಕ್ಕೆ ಮುಂಚೆ ಬೀಗರ ಪಂಕ್ತಿಗೆ ಸ್ವತಃ ಬಡಿಸಿದರು! ಹುಡುಗಿಯ ಕಡೆಯವರು ಇವರು ಗಂಡಿನ ಕಡೆಯ ಹಿರಿಯರೆಂದುಕೊಂಡರು, ಗಂಡಿನ ಕಡೆಯವರು ಹುಡುಗಿಯ ಕಡೆಯವರೆಂದು. ಹಾಗಾಗಿ ಎಲ್ಲರೂ ಮರ್ಯಾದೆಯಿಂದ ಕುಡಿದರು.

ಇಂಥ ಮನುಷ್ಯನ ಮನೆಯಲ್ಲೇ ಅತ್ತೆಯ ಕಾಲು ಜೋಮು ಹಿಡಿಯತೊಡಗಿತು. ಮೊದಲು ಚುರುಚುರು, ಆಮೇಲೆ ನೆಲ ತಗಲಿದ್ದೇ ತಿಳಿಯದು. ಒಂದು ದಿನ ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ಒಂದು ಚಪ್ಪಲಿ ಕಳಚಿಬಿದ್ದರೂ ಗೊತ್ತಾಗದೆ ಮನೆಯವರೆಗೆ ಬಂದಿದ್ದಳು. ಮಾತ್ರೆ ಗಂಟಲಲ್ಲಿ ಇಳಿಯುವುದಿಲ್ಲ ಎನ್ನುತ್ತಿದ್ದ ಅವಳಿಗೆ ಮಾವ ತೆಳಿ, ತೌಡು, ಮೊಳಕೆ ಹೆಸರು ಎಲ್ಲ ತಿನ್ನಿಸಿದರು. ಗುಣವಾಗಲಿಲ್ಲ. ಮಾವನ ಭಾಷಣ ನಿಂತೇಹೋಯಿತು. ಅವಳು ನಡೆಯುವಾಗ ಹಿಂದೆಯೇ ಕೈಚಾಚಿಕೊಂಡು ಹೋಗುತ್ತಿದ್ದರು. ಪೂರ್ತಿ ನಡೆಯಲಾಗದೇ ಹೋದರೆ ಎಂಬ ಭಯ ನಮಗೆಲ್ಲ.

ಕೊನೆಗೆ ಡಾಕ್ಟರ್. ಅಂಗಾಲಿಗೆ ಸೂಜಿ ಚುಚ್ಚಿದರೂ ಅತ್ತೆಗೆ ಪರಿವೆಯಿಲ್ಲ.

"ಬಿ ಟ್ವೆಲ್ವ್ ಇಲ್ಲ. ಅದಿಲ್ಲದಿದ್ದರೆ ನರ ಸೊರಗುತ್ತದೆ. ತೌಡಿನಲ್ಲೂ ಮೊಳಕೆಯಲ್ಲೂ ಅದು ಸಿಗುವುದಿಲ್ಲ. ನಿಮ್ಮಂಥ ಸಸ್ಯಾಹಾರಿಗಳಿಗೆ ಹಾಲು ಮೊಸರೇ ಗತಿ."

ಮಾವ ಸಿಡಿದರು. "ನಮ್ಮಲ್ಲಿ ಮೊಸರಿಲ್ಲದೆ ಊಟವೇ ಮುಗಿಯುವುದಿಲ್ಲ ಡಾಕ್ಟ್ರೇ!"

"ಇವರದ್ದೂ?"

ನಾವಿಬ್ಬರೂ ಅತ್ತೆಯತ್ತ ನೋಡಿದೆವು. ನಾವು ಉಂಡೆದ್ದ ಮೇಲೆ ಕೂರುವವಳ ಎಲೆಯಲ್ಲಿ ಏನಿತ್ತೆಂದು ಕಂಡವರು ಯಾರು?

ಅತ್ತೆ ಸೆರಗಿನ ತುದಿ ತಿರುಚಿದಳು. "ನಿಮಗೆ ಟೈಫಾಯ್ಡ್ ಆಗಿತ್ತಲ್ಲ, ಆಗ ದೇವರಿಗೆ ಹೇಳಿಕೊಂಡಿದ್ದೆ. ಇವರು ಎದ್ದು ಕೂತರೆ ಹಾಲು ಮೊಸರು ಮುಟ್ಟುವುದಿಲ್ಲ ಅಂತ."

"ಅದಾಗಿ ಎಷ್ಟು ವರ್ಷವಾಯಿತು ಮಾರಾಯ್ತಿ! ಎಷ್ಟು ದಿವಸಕ್ಕೆ ಅಂತ ಹೇಳಿಕೊಂಡಿದ್ದೆ?"

"ದಿವಸ ಹೇಳಲಿಕ್ಕೇ ಮರೆತುಹೋಯಿತು ಮಾರಾಯ್ರೆ. ನಿಮ್ಮ ಜ್ವರ ನೋಡಿ ಗಾಬರಿಯಾಗಿತ್ತು."

ಡಾಕ್ಟರ್ ತಲೆ ಆಡಿಸಿದರು. "ಇದೊಂದು ಬಿ ಮಾತ್ರ ಲಿವರಿನಲ್ಲಿ ವರ್ಷಗಟ್ಟಲೆ ಉಳಿದಿರುತ್ತದೆ. ಅದರಿಂದಲೇ ಇಷ್ಟು ದಿನ ತಳ್ಳಿದ್ದಾರೆ. ಇಂಜೆಕ್ಷನ್ ಕೊಡುತ್ತೇನೆ, ಮೊಸರು ಶುರುಮಾಡಿ."

ಇಂಜೆಕ್ಷನ್ನಿಗೆ ಅತ್ತೆ ಒಪ್ಪಿದಳು, ಮೊಸರಿಗೆ ಸುತರಾಂ ಇಲ್ಲ. "ಹರಕೆ ಮುರಿದು ನಿಮಗೇನಾದರೂ ಆದರೆ?" ಒಂದೇ ಹಟ.

ಆಗ ಮಾವ ಮಾಡಿದ್ದು ಕೇಳಿ! ಸ್ನಾನ ಮಾಡಿ, ಅರಿಸಿನ ಬಟ್ಟೆಯಲ್ಲಿ ತಪ್ಪುಕಾಣಿಕೆ ಕಟ್ಟಿ, ದೇವರ ಗೂಡಿನ ಮುಂದೆ ಕೂತು ದೇವರಿಗೇ ಭಾಷಣ! "ಸ್ವಾಮೀ, ಬಿ ಟ್ವೆಲ್ವ್ ಗಿಡದಲ್ಲಿ ಸಿಗುವುದಿಲ್ಲ. ನಿನಗೂ ಗೊತ್ತಿರಲಿಕ್ಕಿಲ್ಲ, ನನಗೂ ಗೊತ್ತಿರಲಿಲ್ಲ. ಅವಳು ದಿವಸ ಹೇಳಲಿಕ್ಕೆ ಮರೆತಳು. ನೀನಾದರೂ ನೆನಪಿಸಬಾರದಿತ್ತಾ? ಇನ್ನು ಮೊಸರು ಬಿಡುವುದು ನನ್ನ ಸರದಿ. ಅವಳನ್ನು ಬಿಟ್ಟುಬಿಡು." ಕಡೆಯ ಮಾತು ಅಳುವಿನಲ್ಲೇ ಮುಗಿಯಿತು.

ಆವತ್ತು ಮಾವ ಅತ್ತೆಯನ್ನು ಮೊದಲು ಕೂರಿಸಿ, ಕೈಯಾರೆ ಮೊಸರನ್ನ ಕಲಸಿಕೊಟ್ಟರು. ತಮಗೆ ಬರೀ ತೆಳಿ.

ಕೆಲವು ತಿಂಗಳು ಕಳೆದವು. ಒಂದು ಬೆಳಿಗ್ಗೆ ಅತ್ತೆ ನೆಲ ಒರೆಸಿ ಎದ್ದವಳು ನಿಂತಲ್ಲೇ ನಿಂತಳು.

"ಮಾರಾಯ್ರೆ, ನೆಲ ತಣ್ಣಗಿದೆ!"

ಅದು ಯಾವ ಬಿ, ಹೇಗೆ ಕೆಲಸ ಮಾಡಿತು ಎಂದು ಮಾವ ಒಂದೂ ಹೇಳಲಿಲ್ಲ. ಅವಳ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು, ಒದ್ದೆ ನೆಲಕ್ಕೆ ತಮ್ಮ ಅಂಗೈ ಒತ್ತಿ ನೋಡಿದರು.

"ಹೌದು ಮಾರಾಯ್ತಿ, ತಣ್ಣಗಿದೆ" ಎಂದರು.