ಆಕ್ಸಲ್ಲು ಬಾಗಿದ ಸೈಕಲ್ಲು

ಚಲುವಯ್ಯ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಒಲೆಗೆ ಸೌದೆ ನೂಕಿ ಬಂದು ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಿದ್ದ. ಹಿಂದಿನ ಚಕ್ರ ತಿರುಗಿಸಿದರೆ ಮುದಿ ಎಮ್ಮೆ ಮೆಲುಕು ಹಾಕಿದ ಹಾಗೆ ‘ಸರಕ್, ಸರಕ್’ ಎಂದು ಪಕ್ಕದ ಕಂಬಿಗೆ ಉಜ್ಜಿತು.

ಅವನ ಜೇಬಿನಲ್ಲಿ ಮೂರು ವಾರದ ಹಿಂದೆ ಅನ್ನದ ಅಗುಳಿನಿಂದ ಅಂಟಿಸಿ, ಇವತ್ತು ನಾಳೆ ಎನ್ನುತ್ತ ಹಾಕದೆ ಉಳಿದ ಇನ್‌ಲ್ಯಾಂಡ್ ಕಾಗದವಿತ್ತು. ಸಾಲಿಗ್ರಾಮದ ಬಾಮೈದ ನಂಜಣ್ಣನಿಗೆ ಬರೆದದ್ದು: ‘ಈ ಸಲ ಹೊಗೆಸೊಪ್ಪು ಬೇಯಿಸುವಾಗ ಬರಬೇಡ. ಹೋದ ವರ್ಷ ನೀನು ಒಲೆಗೆ ಕೈಹಾಕಿ ಸೊಪ್ಪೆಲ್ಲ ಕಪ್ಪಾಯಿತು.’ ಇವತ್ತು ಟಪಾಲಿಗೆ ಬೀಳದಿದ್ದರೆ ಅವನು ಬಂದೇ ಬರುತ್ತಿದ್ದ. ಅಂಚೆ ಡಬ್ಬಿ ಬೆಟ್ಟದಪುರದಲ್ಲಿ, ಒಂದು ಮೈಲಿ. ಹೆಂಡತಿ ಸುನಂದಮ್ಮ ಸಂತೆಗೆ ಹೋಗಿದ್ದಳು. ನಡೆದು ಬರುವಷ್ಟರಲ್ಲಿ ಒಲೆ ಆರುತ್ತದೆ, ಸೈಕಲ್ಲೇ ಗತಿ.

“ಕಡ್ಡಿ ಸಡ್ಲ ಆಗವೆ ಕಣ್ಲಾ,” ಎನ್ನುತ್ತ ಪಕ್ಕದ ಮನೆ ಸಣ್ಣಬೀರಯ್ಯ ಕಡ್ಡಿಗಳನ್ನು ಬಿಗಿದ. ಚಕ್ರ ಸೋರೆಕಾಯಿಯ ಹಾಗೆ ಸೊಟ್ಟಗಾಯಿತು.

“ಗಾಳಿ ಜಾಸ್ತಿ ಆಗದೆ ಕಣಪ್ಪ, ನಮ್ಮನೆಯೋರ್ದೂ ಇಂಗೇ ಆಗಿತ್ತು,” ಎಂದು ಎದುರು ಮನೆ ರಾಮಮ್ಮ ಚಕ್ರದ ಗಾಳಿ ಇಳಿಸಿದಳು.

ಅಷ್ಟರಲ್ಲಿ ಚೀಲ ಹೊತ್ತು ಬೆವರುತ್ತ ಬಂದವನು ಸಾಕ್ಷಾತ್ ನಂಜಣ್ಣ!

“ಅಕ್ಕನ್ನ ನೋಡ್ಬೇಕು ಅನ್ನಿಸ್ತು ಬಾವ, ವಾರ ಮೊದ್ಲೇ ಬಂದ್ಬುಟ್ಟೆ. ಏನು ಸೈಕಲ್ ಮಲಗ್ಬುಟ್ಟದೆ?”

ನಂಜಣ್ಣ ಚಕ್ರ ಕಳಚಿ, ಆಕ್ಸಲ್ಲನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದ. “ನೋಡಿ, ತುದಿ ಎಂಗೆ ಸುತ್ತು ಹೊಡೀತದೆ! ಕಡ್ಡಿ ಏನೂ ಆಗಿರ್ನಿಲ್ಲ, ಆಕ್ಸಲ್ ಬಗ್ಗೋಗದೆ. ಯಾವನೋ ದಡಿಯ ಕ್ಯಾರಿಯರ್ ಮೇಲೆ ಕುಂತವ್ನೆ.”

ಎಲ್ಲರೂ ಅವನ ಹೊಟ್ಟೆ ನೋಡಿದರು. ಹೋದ ವರ್ಷ ಇಲ್ಲಿದ್ದ ತಿಂಗಳೆಲ್ಲ ಆ ಕ್ಯಾರಿಯರ್ ಮೇಲೆ ಕುಳಿತವನು ಅವನೊಬ್ಬನೇ.

ನಂಜಣ್ಣ ಮಾತ್ರ ಆಕ್ಸಲ್ಲನ್ನು ಒಗೆಯುವ ಕಲ್ಲಿನ ಮೇಲಿಟ್ಟು ಬಡಿದು ನೆಟ್ಟಗೆ ಮಾಡಿ, ಕಡ್ಡಿ ಸರಿಪಡಿಸಿ, ಗಾಳಿ ತುಂಬಿ ಚಕ್ರ ಕೂಡಿಸಿದ. ಸದ್ದಿಲ್ಲ!

“ಅಂಗಾರೆ ನಂಜಣ್ಣನೇ ಆ ಕಾಗ್ದಾನೂ ಟಪಾಲ್ ಡಬ್ಬಿಗೆ ಹಾಕ್ಬುಟ್ಟು ಬರ್ಲಿ,” ರಾಮಮ್ಮ ಚಲುವಯ್ಯನ ಜೇಬಿಗೆ ಕೈ ತೋರಿಸಿದಳು. “ಮೂರು ವಾರದಿಂದ ಮಡಿಕಂಡವ್ನೆ.”

ಚಲುವಯ್ಯ ಜೇಬು ಮುಚ್ಚಿಕೊಳ್ಳುವ ಮೊದಲೇ ಕಾಗದ ಬಾಮೈದನ ಕೈಯಲ್ಲಿತ್ತು.

“ನನ್ ಹೆಸ್ರೇ!” ನಂಜಣ್ಣನ ಕಣ್ಣು ತುಂಬಿತು. “ನಂಗ್ಯಾವತ್ತೂ ಯಾರೂ ಕಾಗ್ದ ಬರೆದಿಲ್ಲ ಬಾವ.”

“ಬಂದೇ ಬುಟ್ಟಿದ್ದೀಯಲ್ಲ, ಇನ್ಯಾಕೆ? ಕೊಡೋ ಇಲ್ಲಿ!”

“ಊಹೂಂ. ನಮ್ಮೂರಲ್ಲಿ ಟಪಾಲಿನವ್ರು ನಾಕು ಜನದ ಮುಂದೆ ಕೊಟ್ರೇನೇ ಮರ್ವಾದೆ. ನಾನು ವಾಪಸ್ ಹೋಗೋಗಂಟ ಒಂದ್ ತಿಂಗ್ಳು ನಮ್ಮನೇಲಿ ಕಾಯ್ಕಂಡಿರ್ಲಿ ಬುಡು. ಇದ್ನ ಹಾಕ್ಬುಟ್ಟು ಬಂದಮ್ಯಾಕೆ ಒಲೆ ನಾನು ನೋಡ್ಕತೀನಿ!”

ಹೇಳುತ್ತಲೇ ಪೆಡಲು ತುಳಿದ. ಒಲೆಯನ್ನೂ ಮರೆತು ಚಲುವಯ್ಯ ಹಿಂದೆ ಓಡಿದ. ಡಬ್ಬಿಯ ಬುಡಕ್ಕೆ ಬರುವ ಹೊತ್ತಿಗೆ ನಂಜಣ್ಣನ ಭಾರಕ್ಕೆ ಸೈಕಲ್ಲು ಮತ್ತೆ ‘ಸರಕ್, ಸರಕ್’ ಎಂದು ನಿಂತಿತು. ಇನ್ನೇನು ಹಿಡಿದೆ ಎಂದು ಚಲುವಯ್ಯ ಕೈ ಚಾಚಿದ.

ನಂಜಣ್ಣ ಕಾಗದವನ್ನು ಕಣ್ಣಿಗೊತ್ತಿಕೊಂಡು ಡಬ್ಬಿಯೊಳಗೆ ಬಿಟ್ಟ.