ಸದ್ದು ಬಾರದ ಧ್ವನಿಮುದ್ರಿಕೆಗಳನ್ನು ಕೇಳತಕ್ಕ ಕ್ರಮ

ಸುತ್ತೋಲೆ ಸಂಖ್ಯೆ: ಬಾಯಿಮಾತು/ಮೌನ/೧೭

ವಿಷಯ: ಕಂಪ್ಯೂಟರಿನಲ್ಲಿ ಮುದ್ರಿಕೆ ಓಡುತ್ತಿದ್ದರೂ ಸದ್ದು ಬಾರದಿರುವ ಬಗ್ಗೆ.

ಉಲ್ಲೇಖ: ದಿವಂಗತ ಕಾವಲುಗಾರರ ಪತ್ನಿಯ ಮೌಖಿಕ ಕೋರಿಕೆ (ಪ್ರತಿದಿನ).

ಇಂದು ಬೆಳಿಗ್ಗೆ ಎಲೆಯೊಂದೂ ಅಲುಗದಷ್ಟು ಸೆಕೆ ಇದ್ದು, ಫ್ಯಾನುಗಳು ತಿರುಗಿಯೂ ಗಾಳಿ ಬಾರದ ಸ್ಥಿತಿಯಲ್ಲಿ ಈ ಸುತ್ತೋಲೆಯನ್ನು ಹೊರಡಿಸಲಾಗಿದೆ.

ಈ ಕಚೇರಿಯ ಕಾವಲುಗಾರರು ನಿವೃತ್ತಿಯ ದಿನ, ಭಾಷಣ ಬಾರದೆ, ಮನೆಯಾಕೆಗೇ ಹೇಳಿದಂತೆ ಆಡಿದ ಎರಡು ಮಾತನ್ನು ಮುದ್ರಿಸಿಡಲಾಗಿತ್ತು. ಅವರು ಈಗಿಲ್ಲ. ಆ ದನಿಯನ್ನು ಒಮ್ಮೆ ಕೇಳಿಸಬೇಕೆಂದು ಅವರ ಪತ್ನಿಯು ಪಡಸಾಲೆಯ ಬೆಂಚಿನಲ್ಲಿ ಬಂದು ಕೂರುತ್ತಿದ್ದಾರೆ. ಸದ್ದಿಲ್ಲದ ಮುದ್ರಿಕೆಗಳನ್ನು ಖಾಲಿಯೆಂದು ಬಗೆದು ಇಂದು ಸಂಜೆ ಅಳಿಸಬೇಕಾಗಿರುವುದರಿಂದ, ಸಿಬ್ಬಂದಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ:

೧. ಸದ್ದು ಬಾರದಿದ್ದಲ್ಲಿ ಯಂತ್ರವನ್ನು ಆರಿಸಿ ಮತ್ತೆ ಹಾಕತಕ್ಕದ್ದು. ಆಗಲೂ ಬಾರದಿದ್ದಲ್ಲಿ ಆರಿಸಿದವರನ್ನು ಬದಲಿಸತಕ್ಕದ್ದು.

೨. ಧ್ವನಿಯ ಡ್ರೈವರ್ ತಂತ್ರಾಂಶವನ್ನು ತೆಗೆದು ಮರಳಿ ಹಾಕತಕ್ಕದ್ದು. ರಿಪೇರಿಯವರು ಹಾಗೆ ಮಾಡಿ, "ನನ್ನ ಕಡೆಯಿಂದ ಎಲ್ಲಾ ಸರಿ ಇದೆ ಸಾರ್. ದನಿ ಬೇರೆ ಎಲ್ಲಿಗೋ ಹೋಗ್ತಾ ಇದೆ" ಎಂದಿದ್ದಾರೆ. ಪೂರ್ವಾನುಮತಿಯಿಲ್ಲದೆ ದನಿಯು ಎಲ್ಲಿಗೂ ಹೋಗುವಂತಿಲ್ಲ. ಹೋಗಿದ್ದಲ್ಲಿ ಗೈರುಹಾಜರಿ ಹಾಕಲಾಗುವುದು.

೩. ಪರದೆಯ ಮೇಲೆ ಧ್ವನಿಯ ಗೆರೆಗಳು ಕುಣಿಯುವುದನ್ನು ಕಂಡವರು ಮುದ್ರಿಕೆಯನ್ನು ಕೇಳಿದವರೆಂದೇ ಪರಿಗಣಿಸಲ್ಪಡುತ್ತಾರೆ. ಇದನ್ನು ವಿವರಿಸಲಾಗಿ ಪತ್ನಿಯು, "ಗೆರೆ ನೋಡೋಕೆ ಬಂದಿಲ್ಲಪ್ಪ, ನಿಮ್ಮ ಗೋಡೆ ಮೇಲೂ ಬೇಕಾದಷ್ಟಿವೆ. ಆ ಮನುಷ್ಯನ ದನಿ ಕೇಳಿಸಿಬಿಡಿ, ಎದ್ದು ಹೋಗ್ತೀನಿ" ಎಂದಿದ್ದು, ಸದರಿ ಮಾತು ವಿಷಯಾಂತರವೆಂದು ತೀರ್ಮಾನಿಸಲಾಗಿದೆ.

೪. ದೇವರು ಮೌನವಾಗಿಯೇ ಉತ್ತರಿಸುತ್ತಾನೆಂಬುದು ನಿಜ. ಈ ಸವಲತ್ತು ಇಲಾಖೆಯ ಯಂತ್ರಗಳಿಗೆ ಅನ್ವಯಿಸುವುದಿಲ್ಲ.

೫. ಮುಖ್ಯಾಧಿಕಾರಿಗಳು ಬೆಳಗಿನ ಪ್ರಾರ್ಥನೆ ಕೇಳಲೆಂದು ಮುದ್ರಿಕೆ ವಿಭಾಗದ ಕಂಪ್ಯೂಟರಿಗೆ ಜೋಡಿಸಿದ್ದ ವೈರಿಲ್ಲದ ಸ್ಪೀಕರನ್ನು ಎರವಲು ಪಡೆದಿದ್ದು, ಅದು ಅವರ ಕೊಠಡಿಯಲ್ಲಿದೆ. ಇದಕ್ಕೂ ವಿಷಯಕ್ಕೂ ಸಂಬಂಧವಿಲ್ಲ.

೬. ವಿಭಾಗದವರು ದಿನವೂ ಮುದ್ರಿಕೆ ಓಡಿಸುವ ಹೊತ್ತಿಗೆ ಸರಿಯಾಗಿ ಆ ಕೊಠಡಿಯಲ್ಲಿ ಗಂಡಸಿನ ದನಿಯೊಂದು, "ಬರೋದು ತಡ ಆಗುತ್ತೆ ಕಣೇ, ಬಾಗಿಲು ಹಾಕ್ಕೊ" ಎನ್ನುತ್ತದೆ. ಮುಖ್ಯಾಧಿಕಾರಿಗಳು ಇದನ್ನು ಅಶರೀರವಾಣಿಯೆಂದು ನಂಬಿ, ಭಕ್ತಿಯಿಂದ ಬಾಗಿಲು ಹಾಕಿಕೊಳ್ಳುತ್ತಿದ್ದಾರೆ. ತಮ್ಮನ್ನು 'ಕಣೇ' ಎಂದು ಕರೆದದ್ದನ್ನು ವಿನಯದಿಂದ ಸಹಿಸಿದ್ದಾರೆ.

೭. ಇಷ್ಟು ಟೈಪಾಗುವಷ್ಟರಲ್ಲಿ, ಸೆಕೆ ತಾಳದೆ ಮುಖ್ಯಾಧಿಕಾರಿಗಳ ಬಾಗಿಲನ್ನು ತೆರೆದಿಡಲಾಯಿತು. ಅಳಿಸುವ ಮುನ್ನ ಕೊನೆಯ ಸಲವೆಂದು ವಿಭಾಗದವರು ಮುದ್ರಿಕೆಯನ್ನು ಓಡಿಸಿದರು. ಪತ್ನಿಯು ಬೆಂಚಿನಿಂದೆದ್ದು, ಸೆರಗು ಸರಿಮಾಡಿಕೊಂಡು, ಆ ಬಾಗಿಲ ಕಡೆ ತಿರುಗಿ, "ಹೂಂ, ಹಾಕ್ಕೊಂಡಿದೀನಿ. ನೀವು ನಿಧಾನಕ್ಕೆ ಬನ್ನಿ" ಎಂದಿರುತ್ತಾರೆ. ಆ ಬಳಿಕ ಕೆಲಹೊತ್ತು ಕಚೇರಿಯಲ್ಲಿ ಯಾವ ಸದ್ದೂ ಇರಲಿಲ್ಲ. ಇದನ್ನು ಯಂತ್ರದ ದೋಷವೆಂದು ನಮೂದಿಸತಕ್ಕದ್ದಲ್ಲ.

೮. ಅಳಿಸುವ ಆದೇಶವನ್ನು ಈ ಮೂಲಕ ಹಿಂಪಡೆಯಲಾಗಿದೆ. ಕಲಂ ೧ರಿಂದ ೫ ಎಂದಿನಂತೆ ಜಾರಿಯಲ್ಲಿರುತ್ತವೆ.

ಸಹಿ/-
ಮುಖ್ಯಾಧಿಕಾರಿ,
ಬಾಯಿಮಾತು ಸಂಗ್ರಹ ಕಚೇರಿ

ಪ್ರತಿಗಳು:

ರಿಪೇರಿಯವರಿಗೆ: ಡ್ರೈವರನ್ನು ಇನ್ನು ಮುಟ್ಟದಿರಲು ಕೋರಿ.

ಸೂಚನಾ ಫಲಕಕ್ಕೆ: ಮೊಳೆ ಇದ್ದಲ್ಲಿ.

ಮೇಲಿನವನಿಗೆ: ತಪ್ಪು ತಿಳಿವಳಿಕೆಗೆ ಕ್ಷಮೆ ಕೋರಿ.

ಕಾವಲುಗಾರರ ಪತ್ನಿಗೆ: ಪ್ರತಿ ಕಳುಹಿಸಿಲ್ಲ. ಮುಖ್ಯಾಧಿಕಾರಿಗಳು ಸ್ಪೀಕರನ್ನು ಎರಡೂ ಕೈಯಲ್ಲಿ ಹಿಡಿದು ತಂದು, ಬೆಂಚಿನ ಮೇಲೆ ಅವರ ಪಕ್ಕದಲ್ಲಿಟ್ಟು, ತಮ್ಮ ಕೊಠಡಿಗೆ ಹಿಂದಿರುಗಿದ್ದಾರೆ. ಬಾಗಿಲು ಹಾಕಿಕೊಂಡಿಲ್ಲ.