ಸಾಹೇಬರಿಗೊಂದು ದ್ರಾಕ್ಷಿಯ ಕಾಬ್ಲರ್

ಗುರುವಾರ ಚಹಾದ ಹೊತ್ತಿನಲ್ಲಿ ಮ್ಯಾನೇಜರ್ ಸಲ್ಡಾನ ಸಾಹೇಬರು ತಮ್ಮ ತಾಯಿಯನ್ನು ನೆನೆಸಿಕೊಳ್ಳದೆ ಇದ್ದಿದ್ದರೆ ಸತ್ತೆಪ್ಪನ ಶನಿವಾರ ಎಂದಿನಂತೆಯೇ ಕಳೆಯುತ್ತಿತ್ತು. ಬ್ಯಾಂಕು ಮುಚ್ಚಿದೊಡನೆ ಐನಾಪುರದಲ್ಲಿ ಬಸ್ಸು ಹಿಡಿದು, ಕುಡಚಿಯಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ, ರಾಯಬಾಗದ ಆಚೆಯ ಅಲಖನೂರಿಗೆ ದೀಪ ಹಚ್ಚುವುದರೊಳಗೆ ಮುಟ್ಟುತ್ತಿದ್ದ. ಅಲ್ಲಿ ಹೆಂಡತಿ ಸುಂದರಾ, ಇಬ್ಬರು ಮಕ್ಕಳು, ವಾರಕ್ಕೆ ಒಂದೂವರೆ ದಿನದ ಸಂಸಾರ. ಐದು ವರ್ಷದಿಂದ ಹೀಗೇ ನಡೆದಿತ್ತು. ರಾಯಬಾಗದ ಕಡೆಗೆ ವರ್ಗ ಕೇಳಬೇಕೆಂದು ಐದು ವರ್ಷದಿಂದಲೂ ಅಂದುಕೊಂಡಿದ್ದ. ಆದರೆ ಯಾವ ಮ್ಯಾನೇಜರ್ ಬಂದರೂ ಅವರ ಬಾಗಿಲಿನ ಪರದೆ ಸರಿಸುತ್ತಲೇ ಅವನ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

"ಶನಿವಾರ ನನ್ನ ಬರ್ತ್‌ಡೇ ಮಾರಾಯ್ರೇ," ಎಂದರು ಸಾಹೇಬರು. ಮಂಗಳೂರಿನವರು, ಒಂಟಿ ಜೀವ, ಈ ಸೀಮೆಗೆ ಹೊಸಬರು; ಸತ್ತೆಪ್ಪನ ಊರು ಯಾವ ದಿಕ್ಕಿಗೆಂದೂ ತಿಳಿಯದವರು. "ಅಮ್ಮ ಇದ್ದಿದ್ರೆ ಕಾಬ್ಲರ್ ಮಾಡ್ತಿದ್ರು. ಕೆಳಗೆ ಹಣ್ಣು, ಮೇಲೆ ಮೈದಾದ ಮುಚ್ಚಳ. ಓವನ್‌ನಲ್ಲಿಟ್ಟು ಬೇಯಿಸೋದು. ಈ ಊರಲ್ಲಿ ಅದು ಯಾರಿಗೆ ಗೊತ್ತುಂಟು!"

ಸತ್ತೆಪ್ಪ ಕೇಳಿ ಕೇಳಿ, ಚಲನ್ ಚೀಟಿಯ ಹಿಂದೆ ಎಲ್ಲವನ್ನೂ ಬರೆದುಕೊಂಡ. ಹಣ್ಣು, ಸಕ್ಕರೆ, ಮೈದಾ, ಬೆಣ್ಣೆ, ಹಾಲು, ಸೋಡಾ. ಯಾವುದು ಎಷ್ಟು ಎನ್ನುವುದು ಸಾಹೇಬರಿಗೂ ಗೊತ್ತಿರಲಿಲ್ಲ. ಸತ್ತೆಪ್ಪನಿಗೆ ಅಂದಿನವರೆಗೆ ಬರುತ್ತಿದ್ದ ಅಡಿಗೆಯೆಂದರೆ ಚಹಾ ಮತ್ತು ಒಗ್ಗರಣೆ ಅವಲಕ್ಕಿ. ಆದರೂ ಅವನ ಲೆಕ್ಕಾಚಾರ ಸರಳವಾಗಿತ್ತು: ಮೊದಲು ಬಾಯಿ ಸಿಹಿ ಮಾಡುವುದು, ಆಮೇಲೆ ನಾಲ್ಕು ಸಿಹಿ ಮಾತು, ಅದರ ಬೆನ್ನಿಗೇ ವರ್ಗದ ಮಾತು.

ಓವನ್ ಕೊಟ್ಟವನು ಜೊತೆಯ ಕ್ಲಾರ್ಕ್ ಮಾಳಸಿದ್ದ. ಐನಾಪುರದವನೇ, ಊರಲ್ಲೇ ಮನೆ, ಊರಲ್ಲೇ ದ್ರಾಕ್ಷಿ ತೋಟ. "ಒಯ್ರಿ ಸತ್ತೆಪ್ಪಣ್ಣಾ, ಮದಿವ್ಯಾಗ ಆಯೇರಿ ಬಂದದ್ದು. ಕಪಾಟಿನ ಮ್ಯಾಲ ಧೂಳ ತಿನ್ನಾಕತ್ತೈತಿ," ಎಂದು ಗಾಜಿನ ಮುಚ್ಚಳದ ಗುಂಡನೆಯ ಅಲ್ಯುಮಿನಿಯಂ ಓವನ್ನಿನ ಸಂಗಡ ಒಂದು ಬುಟ್ಟಿ ದ್ರಾಕ್ಷಿಯನ್ನೂ ಕೊಟ್ಟ.

ಶನಿವಾರ ಮಧ್ಯಾಹ್ನ ಸತ್ತೆಪ್ಪ ಬಸ್ಸು ಬಿಟ್ಟು ತನ್ನ ಬಾಡಿಗೆ ಕೋಣೆಯಲ್ಲಿ ಹಿಟ್ಟು ನಾದುವ ಪರಾತದ ಮುಂದೆ ಕುಳಿತ. ಎರಡು ನಿಮಿಷದಲ್ಲಿ ಮನೆಯೊಡತಿ ಕಾಶಿಬಾಯಿ ಬಾಗಿಲಲ್ಲಿ ನಿಂತಳು.

"ಊರಿಗಿ ಹೋಗ್ಲಿಲ್ಲ? ಏನ ಮಾಡಾಕತ್ತಿ?"

"ಸಾಹೇಬ್ರ ಹುಟ್ಟಹಬ್ಬ ಕಾಕೂ. ಇಂಗ್ಲಿಷ್ ತಿಂಡಿ ಮಾಡಾಕತ್ತೇನಿ."

ಕಾಶಿಬಾಯಿಯ ಹುಬ್ಬು ಮೇಲೇರಿತು. "ಇಂಗ್ಲಿಷ್ ತಿಂಡಿ ಅಂದ್ರ ತತ್ತಿ ಹಾಕ್ತಾರ. ನನ್ನ ಮನ್ಯಾಗ ತತ್ತಿ ನಡ್ಯಂಗಿಲ್ಲ ನೋಡು."

"ಇದಕ್ಕ ತತ್ತಿ ಬೇಕಾಗಂಗಿಲ್ಲ ಕಾಕೂ."

ಕಾಶಿಬಾಯಿ ನಂಬಲಿಲ್ಲ. ಚೀಲ ಜಾಲಾಡಿದಳು, ಹಾಸಿಗೆಯ ಸುರುಳಿ ಬಿಚ್ಚಿ ನೋಡಿದಳು, ಕೊನೆಗೆ ಮಣೆ ಹಾಕಿಕೊಂಡು ಎದುರಿಗೇ ಕಾವಲು ಕುಳಿತಳು. ಕುಳಿತವಳ ಬಾಯಿ ಸುಮ್ಮನಿರಬೇಕಲ್ಲ.

"ಹಿಂಗ ನಾದಿದ್ರ ಅದು ಹಾಸಗಲ್ಲ ಆಕ್ಕೈತಿ. ಹಾಲ ಹಾಕು," ಎಂದು ತಾನೇ ತಂಬಿಗೆ ಬಗ್ಗಿಸಿದಳು. ಹಿಟ್ಟು ಗಂಜಿಯಾಯಿತು. ಸತ್ತೆಪ್ಪ ಮೈದಾ ಸುರಿದ. ಗಟ್ಟಿಯಾಯಿತು. ಕಾಶಿಬಾಯಿ ಮತ್ತೆ ಹಾಲು ಸುರಿದಳು. ಹೀಗೆ ಇಬ್ಬರೂ ಹಟ ಹಿಡಿದದ್ದಕ್ಕೆ ಒಂದು ಪರಾತದ ಹಿಟ್ಟು ಮೂರು ಓವನ್ನಿಗಾಗುವಷ್ಟಾಯಿತು. ದ್ರಾಕ್ಷಿ ಹುಳಿಯೆಂದು ಕಾಶಿಬಾಯಿ ಸಕ್ಕರೆಯ ಮೇಲೆ ಬೆಲ್ಲ ಹಾಕಿದಳು. ಬೆಲ್ಲ ಹೆಚ್ಚಾಯಿತೆಂದು ನಿಂಬೆ ಹಿಂಡಿದಳು. ಏಲಕ್ಕಿಯನ್ನು ಯಾರನ್ನೂ ಕೇಳದೆ ಹಾಕಿದಳು.

ಅಂತೂ ಮುಚ್ಚಳ ಹಾಕಿ ಗುಂಡಿ ಒತ್ತಿ ಹದಿನೈದು ನಿಮಿಷವಾಗಿರಲಿಲ್ಲ, ಓವನ್ನಿನ ಕೆಂಪು ದೀಪ ಆರಿತು.

ಪಕ್ಕದ ಮನೆಯ ರೈತ ಬಾಬಾಸಾಹೇಬ ಗೋಡೆಯ ಮೇಲಿಂದ ಇಣುಕಿದ. "ಕರೆಂಟ್ ಹೋತು. ಊರಾಗ ಇನ್ನ ಸಂಜೀತನಾ ಇಲ್ರಿ. ನಮ್ಮ ಬಾವಿ ಲೈನಿಗಿ ಐದರತನಾ ಇರ್ತೈತಿ. ಪಂಪಿನ ಮನೀಗಿ ಒಯ್ಯೂಣು, ನಡೀರಿ."

ಬಾಬಾಸಾಹೇಬ ಸೈಕಲ್ ತುಳಿದ. ಹಿಂದಿನ ಕ್ಯಾರಿಯರ್ ಮೇಲೆ ಸತ್ತೆಪ್ಪ, ಅವನ ತೊಡೆಯ ಮೇಲೆ ಗೋಣಿಚೀಲದಲ್ಲಿ ಸುತ್ತಿದ ಬಿಸಿ ಓವನ್. ಕಾಲು ಸುಡುತ್ತಿದ್ದುದರಿಂದ ಅವನು ಕಾದ ಹಂಚಿನ ಮೇಲೆ ಕುಳಿತ ಕಪ್ಪೆಯ ಹಾಗೆ ಎಗರಿ ಎಗರಿ ಬೀಳುತ್ತಿದ್ದ. ಹಿಂದೆ ಸೆರಗು ಬಿಗಿದು ಕಾಶಿಬಾಯಿ. ದಾರಿಯಲ್ಲಿ ತತ್ತಿ ಹಾಕಿಬಿಟ್ಟರೆ ಎಂಬ ಚಿಂತೆ ಅವಳದು.

"ಏನಂತೀರಿ ಇದಕ್ಕ?" ಬಾಬಾಸಾಹೇಬ ತಿರುಗಿ ಕೇಳಿದ.

"ಕಾಬ್ಲರ್."

"ಕಾಬ್ಲರ್?" ಮ್ಯಾಟ್ರಿಕ್ ಓದಿದ್ದ ಬಾಬಾಸಾಹೇಬ ತುಳಿಯುವುದನ್ನೇ ನಿಲ್ಲಿಸಿದ. "ಕಾಬ್ಲರ್ ಅಂದ್ರ ಚಪ್ಪಲಿ ಹೊಲಿಯಾಂವ ಅಲ್ಲೇನ್ರಿ? ಸಾಹೇಬ್ರು ಚಪ್ಪಲಿ ಹೊಲಿಸ್ಕೊಂಡ ಬಾ ಅಂದಿರಬೇಕು. ನೀವು ಬರೋಬ್ಬರಿ ಕೇಳಸ್ಕೊಂಡಿಲ್ಲ."

ಸತ್ತೆಪ್ಪ ಚಲನ್ ಚೀಟಿಗಾಗಿ ಜೇಬು ತಡಕಿದ. ಅಷ್ಟರಲ್ಲಿ ತೋಟದ ನಾಯಿಯೊಂದು ಹಾರಿ ಬಂತು, ಸೈಕಲ್ ಗಟಾರಿಗೆ ವಾಲಿತು, ಓವನ್ ಬಗಲಿಗೆ ಮಲಗಿತು. ಎತ್ತಿ ನೋಡಿದರೆ ಹಣ್ಣೆಲ್ಲ ಒಂದು ಮಗ್ಗುಲಿಗೆ, ಹಿಟ್ಟೆಲ್ಲ ಇನ್ನೊಂದು ಮಗ್ಗುಲಿಗೆ, ಭಾಗ ಹಂಚಿಕೊಂಡ ಅಣ್ಣತಮ್ಮಂದಿರ ಹಾಗೆ ಕುಳಿತಿದ್ದವು.

ಪಂಪಿನ ಮನೆಯಲ್ಲಿ ಓವನ್ ಹಚ್ಚಿದರು. ಬಾಬಾಸಾಹೇಬ ಮೋಟಾರನ್ನೂ ಹಚ್ಚಿದ. ಓವನ್ನಿನ ದೀಪ ಮಂಕಾಯಿತು.

"ಮೋಟಾರ್ ಬಂದ್ ಮಾಡ್ರೀ!"

"ಬಳ್ಳಿಗಿ ನೀರ ಬ್ಯಾಡೇನ್ರಿ?"

ಏದುಸಿರು ಬಿಡುತ್ತ ಬಂದ ಕಾಶಿಬಾಯಿ ತೀರ್ಪು ಕೊಟ್ಟಳು. "ಬಳ್ಳಿ ಒಂದಿನ ತಡೀತಾವು. ನಾನು ಇಷ್ಟ ದೂರ ನಡದ ಬಂದೇನಿ, ಇದು ಬೇಯೂದನ್ನ ನೋಡೇ ಹೋಗಾಕಿ."

ಐದಕ್ಕೆ ಮುಚ್ಚಳ ತೆಗೆದರು. ಒಂದು ಮಗ್ಗುಲು ಕರ್ರಗೆ, ಇನ್ನೊಂದು ಬೆಳ್ಳಗೆ, ನಡುವೆ ಕುಸಿದ ಗುಂಡಿ. ಕಾಶಿಬಾಯಿ ಅಂಚು ಮುರಿದು ಬಾಯಿಗಿಟ್ಟಳು. "ಹೋಳಿಗಿನೂ ಅಲ್ಲ, ಬಿಸ್ಕೀಟೂ ಅಲ್ಲ," ಎಂದಳು. ಆಮೇಲೆ ಇನ್ನೊಂದು ಚೂರು ಮುರಿದಳು.

ಸಂಜೆ ಆರಕ್ಕೆ ಸತ್ತೆಪ್ಪ ಸಾಹೇಬರ ಮನೆಗೆ ಹೋಗಿ ಮೇಜಿನ ಮೇಲೆ ಅದನ್ನಿಟ್ಟು ಮುಖ ತಗ್ಗಿಸಿ ನಿಂತ. ಸಾಹೇಬರು ಒಂದು ಚಮಚ ತಿಂದರು. ಎರಡನೆಯದಕ್ಕೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಅಮ್ಮಂದೂ ಹೀಗೇ ಮಾರಾಯ್ರೇ. ಒಂದು ಬದಿ ಯಾವಾಗ್ಲೂ ಕರಟಿಹೋಗ್ತಿತ್ತು. ನನಗೋಸ್ಕರ ಊರಿಗೆ ಹೋಗೋದನ್ನೂ ಬಿಟ್ರಾ?"

ಇದೇ ಸಮಯವೆಂದು ಸತ್ತೆಪ್ಪನಿಗೆ ಧೈರ್ಯ ಬಂತು. ಎರಡು ದಿನ ಕಂಠಪಾಠ ಮಾಡಿದ್ದ ಸಿಹಿ ಮಾತನ್ನು ಶುರು ಮಾಡಿದ. "ನಿಮ್ಮಂಥಾ ಸಾಹೇಬ್ರು ಸಿಗೂದು ಪುಣ್ಯಾರಿ. ನಿಮ್ಮ ಕೈಕೆಳಗ ಕೆಲಸಾ ಮಾಡೂದ ಬಿಟ್ಟು ಎಲ್ಲಿಗೂ ಹೋಗಾಕ ಮನಸ್ಸಾಗಂಗಿಲ್ರಿ. ಆದ್ರ..."

ಸಾಹೇಬರು ಚಮಚ ಕೆಳಗಿಟ್ಟರು. "ನನ್ನದೇ ತಪ್ಪು. ರಾಯಬಾಗದಲ್ಲಿ ಹೊಸ ಬ್ರಾಂಚ್ ಆಗ್ತದೆ, ಒಬ್ಬ ಕ್ಲಾರ್ಕನ್ನು ಕಳಿಸಿ ಅಂತ ಹೆಡ್ ಆಫೀಸಿನವರು ಬರೆದಿದ್ರು. ನಿಮ್ಮ ಹೆಸರು ಹಾಕಿ ಕಾಗದ ತಯಾರು ಮಾಡಿಟ್ಟಿದ್ದೆ. ಶನಿವಾರ ಆದದ್ದೇ ಓಡ್ತಾರೆ, ಇವರಿಗೆ ಇಲ್ಲಿ ಸೇರೋದಿಲ್ಲ ಅಂತ ತಿಳಿದಿದ್ದೆ." ಡ್ರಾವರಿನಿಂದ ಕಾಗದ ತೆಗೆದು, ಹೆಸರು ಹೊಡೆದುಹಾಕಿ, ಮೇಲೆ 'ಮಾಳಸಿದ್ದ' ಎಂದು ಬರೆದು ಸಹಿ ಹಾಕಿದರು.

"ಸಾಹೇಬ್ರ, ರಾಯಬಾಗ ಅಂದ್ರ ನಮಗ..."

"ದೂರ, ಗೊತ್ತುಂಟು. ಅದಕ್ಕೇ ತಪ್ಪಿಸಿದ್ದು. ಥ್ಯಾಂಕ್ಸ್ ಎಲ್ಲ ಬೇಡ." ಸಾಹೇಬರು ಲಕೋಟೆಗೆ ಅಂಟು ಹಚ್ಚಿದರು. "ಮುಂದಿನ ಶನಿವಾರ ಚಿಕ್ಕು ಹಾಕಿ ಮಾಡುವ. ನಾನೇ ಬರ್ತೇನೆ ನಿಮ್ಮ ರೂಮಿಗೆ. ಹಾಂ, ಹೋಗ್ತಾ ಈ ಕಾಗದವನ್ನು ಅಂಚೆ ಡಬ್ಬಿಗೆ ಹಾಕಿಬಿಡಿ."

ಸತ್ತೆಪ್ಪನ ನಾಲಿಗೆ ಅಂಗುಳ ಬಿಟ್ಟು ಏಳಲಿಲ್ಲ.

ಅಂಚೆ ಡಬ್ಬಿ ಮನೆಯ ಎದುರಿಗೇ ಇತ್ತು. ಲಕೋಟೆ ಹಿಡಿದು ಅವನು ಅಲ್ಲಿ ಬಹಳ ಹೊತ್ತು ನಿಂತ. ತಿರುಗಿ ನೋಡಿದ. ಕಿಟಕಿಯಲ್ಲಿ ಸಾಹೇಬರು ತಟ್ಟೆ ಹಿಡಿದು ನಿಂತು, ಚಮಚ ಎತ್ತಿ, ಹಾಕಿ ಹಾಕಿ ಎಂದು ಸನ್ನೆ ಮಾಡುತ್ತಿದ್ದರು.

ಸತ್ತೆಪ್ಪ ಹಾಕಿದ. ಡಬ್ಬಿಯಲ್ಲಿ ಬೇರೆ ಕಾಗದವಿರಲಿಲ್ಲವೆಂದು ಕಾಣುತ್ತದೆ. ಅದು ತಳಕ್ಕೆ ಬಿದ್ದ ಸದ್ದು ಸ್ಪಷ್ಟವಾಗಿ ಕೇಳಿಸಿತು.